ಸ್ನಾನದ ತೊಟ್ಟಿಯ ಮೂತಿಹುಳುಗಳು

ಏಳು ವರ್ಷ ಒಂದೇ ಸರೋವರದಲ್ಲಿ ಕಳೆ ಕಿತ್ತವಳಿಗೆ ಅಡ್ಡಹೆಸರು ಅಂಟಿಕೊಳ್ಳದೆ ಬಿಡುತ್ತದೆಯೇ? ಪಕ್ಷಿಧಾಮದ ಕಚೇರಿಯಲ್ಲಿ ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಅವಳನ್ನು ಕಳೆಯಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೂ ಅದರಿಂದ ಬೇಸರವಿರಲಿಲ್ಲ. "ಹೆಸರಲ್ಲಾದ್ರೂ ಕಳೆ ಇದೆಯಲ್ಲ, ಮುಖದ್ದು ಯಾವತ್ತೋ ನೀರಲ್ಲಿ ಕರಗಿ ಹೋಯ್ತು" ಎಂದು ತಾನೇ ಎಲ್ಲರಿಗಿಂತ ಮೊದಲು ನಗುತ್ತಿದ್ದಳು.

ಅವಳ ಶತ್ರುವಿನ ಹೆಸರು ಹಾಸುಜರಿ. ಯಾರೋ ಪುಣ್ಯಾತ್ಮರು ತಮ್ಮ ಮನೆಯ ಕೊಳದಲ್ಲಿ ಚಂದಕ್ಕೆಂದು ಸಾಕಿ, ಸಾಕಾದ ಮೇಲೆ ಸರೋವರಕ್ಕೆ ಎಸೆದು ಕೈತೊಳೆದುಕೊಂಡ ತೇಲುವ ಗಿಡ ಅದು. ಹುಟ್ಟಿದ್ದು ಬೇರೆ ಯಾವುದೋ ಖಂಡದಲ್ಲಿ. ಅಲ್ಲಿ ಅದನ್ನು ತಿನ್ನುವವರಿದ್ದರು, ಇಲ್ಲಿ ಹೇಳುವವರು ಕೇಳುವವರು ಯಾರೂ ಇರಲಿಲ್ಲ. ಹತ್ತು ದಿನಕ್ಕೆ ಒಂದು ಎರಡಾಗಿ, ಎರಡು ನಾಲ್ಕಾಗಿ, ನೀರಿನ ಮೇಲೆ ಗೇಣು ದಪ್ಪದ ಹಸಿರು ಹಾಸಿಗೆ ಬಿದ್ದಿತ್ತು. ಅದರ ಕೆಳಗೆ ಬೆಳಕಿಲ್ಲ, ಮೀನಿಗೆ ಉಸಿರಿಲ್ಲ. ದೂರದೂರದಿಂದ ರೆಕ್ಕೆ ಬಡಿದುಕೊಂಡು ಬಂದ ಬಾತುಕೋಳಿಗಳು ಅದನ್ನು ಹುಲ್ಲುಗಾವಲೆಂದುಕೊಂಡು, ಒಂದು ಸುತ್ತು ಹಾಕಿ ಮುಂದಕ್ಕೆ ಹಾರಿಬಿಡುತ್ತಿದ್ದವು. ಕಳೆಯಕ್ಕನೂ ಅವಳ ಹನ್ನೆರಡು ಜನರ ತಂಡವೂ ಸೋಮವಾರ ಒಂದು ಮೂಲೆಯಿಂದ ಕೀಳತೊಡಗಿದರೆ ಶನಿವಾರದ ಹೊತ್ತಿಗೆ ಒಂದು ಅಂಗಳದಷ್ಟು ನೀರು ಕಾಣುತ್ತಿತ್ತು. ಭಾನುವಾರ ರಜೆ. ಹಾಸುಜರಿಗೆ ರಜೆ ಇರಲಿಲ್ಲ.

ಎರಡು ವರ್ಷದ ಹಿಂದೆ ಬಂದ ನಿರ್ದೇಶಕರು ಉದ್ದನೆಯ ಮನುಷ್ಯ, ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಿ ತಗ್ಗಿಸಿ ವಿನಯ ರೂಢಿಯಾದವರು. ಬಂದ ವಾರದಲ್ಲೇ ಸಭೆಯ ಕೋಣೆಯ ಗೋಡೆಗೆ ಒಂದು ಹಲಗೆ ಹಾಕಿಸಿದರು. ಅದರಲ್ಲಿ ನಾಲ್ಕೇ ಪ್ರಶ್ನೆ: ಏನಾಗುತ್ತದೆ ಅಂದುಕೊಂಡಿದ್ದೆವು? ಏನಾಯಿತು? ಏನು ಕಲಿತೆವು? ಏನು ಬದಲಿಸುತ್ತೇವೆ?

"ಸರೋವರ ನಮ್ಮ ಮಾತು ಕೇಳೋದಿಲ್ಲ" ಎಂದಿದ್ದರು ಅವರು. "ಅದು ಹೇಳೋದನ್ನ ನಾವೇ ಕೇಳ್ಬೇಕು. ಊಹೆ ಮಾಡೋಣ, ಮಾಡಿ ನೋಡೋಣ, ಅಳೆಯೋಣ. ತಪ್ಪಿದ್ರೆ ನಾಚಿಕೊಳ್ದೆ ದಾರಿ ಬದಲಿಸೋಣ."

ಮೊದಲ ವರ್ಷ ಯಂತ್ರದಿಂದ ಕೊಯ್ದು ನೋಡಿದರು. ತುಂಡಾದ ಒಂದೊಂದು ಚೂರೂ ಒಂದೊಂದು ಗಿಡವಾಯಿತು. ಎರಡನೇ ವರ್ಷ ತೇಲುವ ಬೇಲಿ ಕಟ್ಟಿದರು. ಗಾಳಿ ಎದ್ದ ದಿನ ಜರಿಯೇ ಬೇಲಿಯನ್ನು ಎಳೆದುಕೊಂಡು ಆಚೆ ದಡಕ್ಕೆ ಹೋಯಿತು. ಮೂರನೇ ವರ್ಷದ ಊಹೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಂತು: ಇನ್ನೂರು ಮೂತಿಹುಳು.

ಎಳ್ಳುಕಾಳಿನಷ್ಟು ಗಾತ್ರದ ಕಪ್ಪು ಹುಳುಗಳು. ಹಾಸುಜರಿಯ ತವರಿನಲ್ಲಿ ಅದನ್ನು ತಿಂದು ಅಂಕೆಯಲ್ಲಿ ಇಟ್ಟಿದ್ದವು ಇವೇ. ಬೇರೆ ಗಿಡಕ್ಕೆ ಬಾಯಿ ಹಾಕುತ್ತವೆಯೇ ಎಂದು ಪ್ರಯೋಗಾಲಯದವರು ಹಲವು ವರ್ಷ ಪರೀಕ್ಷಿಸಿದ್ದರು. ಉಪವಾಸ ಬಿದ್ದು ಸತ್ತವೇ ಹೊರತು ಬೇರೆ ಎಲೆ ಮುಟ್ಟಿರಲಿಲ್ಲ. ಇವನ್ನು ಕಚೇರಿಯ ಸಾಕಣೆ ಕೋಣೆಯಲ್ಲಿಟ್ಟು ಸಾವಿರ ಮಾಡಿ, ಆಮೇಲೆ ಸರೋವರಕ್ಕೆ ಬಿಡುವುದು ಯೋಜನೆ. ಆದರೆ ಅದೇ ಬೆಳಿಗ್ಗೆ ಬಣ್ಣದವರು ಬಂದು ಸಾಕಣೆ ಕೋಣೆಗೆ ಎರಡನೇ ಕೋಟು ಹೊಡೆದು ಹೋಗಿದ್ದರು. ಒಳಗೆ ಕಾಲಿಟ್ಟರೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಎರಡೇ ದಿನ ಸಾರ್" ಎಂದಳು ಕಳೆಯಕ್ಕ. "ನಮ್ಮನೇಲಿ ಸ್ನಾನದ ತೊಟ್ಟಿ ಇದೆ."

ನಿರ್ದೇಶಕರು ಅನುಮತಿ ಪತ್ರ ತೆಗೆದು, 'ಸ್ಥಳ' ಎಂಬ ಕಡೆ 'ಸಿಬ್ಬಂದಿಯ ಬಚ್ಚಲುಮನೆ' ಎಂದು ಬರೆದು, ಮುಖದ ಒಂದು ಗೆರೆಯೂ ಅಲುಗದಂತೆ ಸಹಿ ಹಾಕಿದರು.

ಕಳೆಯಕ್ಕನ ಮನೆ ಮೂರನೇ ಮಹಡಿಯಲ್ಲಿ. ಎರಡು ಕೋಣೆ, ಕಿರಿದಾದ ಅಡುಗೆಮನೆ, ಮಸುಕು ಗಾಜಿನ ಕಿಟಕಿಯ ಬಚ್ಚಲು. ಮನೆಯಲ್ಲಿ ಇದ್ದವರು ಮೂವರು: ಅವಳು, ಗಡಿಯಾರ ರಿಪೇರಿಯ ಗಂಡ, ಮತ್ತು ನಲವತ್ತು ವರ್ಷ ಬಟ್ಟೆ ಹೊಲಿದು ಈಗ ಹೊಲಿಗೆಯಂತ್ರಕ್ಕೆ ಹೊದಿಕೆ ಹಾಕಿ ಕೂತಿದ್ದ ಅತ್ತೆ. ಗಂಡ ಸಂಜೆ ಅಂಗಡಿ ಮುಚ್ಚಿ ಬಂದು, ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಚ್ಚಲ ಬಾಗಿಲು ತೆಗೆದವನು ಹಾಗೇ ನಿಂತುಬಿಟ್ಟ. ತೊಟ್ಟಿಯ ತುಂಬ ಜರಿ, ಮೇಲೆ ಸೊಳ್ಳೆಪರದೆ, ಪರದೆಗೆ ಸುತ್ತಲೂ ಬಟ್ಟೆ ಒಣಹಾಕುವ ಕ್ಲಿಪ್ಪು.

"ಏನಿದು?"

"ಇನ್ನೂರು ಜನ ನೆಂಟರು. ಎರಡು ದಿನ ಇರ್ತಾರೆ."

"ನಾನೆಲ್ಲಿ ಸ್ನಾನ ಮಾಡ್ಲಿ?"

"ಕೆಳಗಡೆ ನಿಮ್ಮ ತಂಗಿ ಮನೇಲಿ."

ಗಂಡ ಜಗಳಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಕುತೂಹಲ ಗೆದ್ದಿತು. ಜೇಬಿನಿಂದ ಗಡಿಯಾರ ನೋಡುವ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ತೊಟ್ಟಿಯ ಮೇಲೆ ಬಗ್ಗಿದ. "ಅಯ್ಯೋ ಇದಕ್ಕೆ ಮೂಗಿದೆ ಕಣೇ! ನಮ್ಮ ಚಿಕ್ಕಪ್ಪನ ಮೂಗು!" ಎಂದು ಕೂಗಿದ. ಅತ್ತೆ ಓಡಿ ಬಂದರು. ಮಗನ ಕಣ್ಣಿನಿಂದ ಗಾಜು ಕಿತ್ತುಕೊಂಡು ನೋಡಿ, "ನಿಮ್ಮ ಚಿಕ್ಕಪ್ಪನದಕ್ಕಿಂತ ಲಕ್ಷಣವಾಗಿದೆ" ಎಂದರು. ಮೈದುನನ ಮೇಲೆ ಅವರಿಗೆ ಮೊದಲಿಂದಲೂ ಅಷ್ಟಕ್ಕಷ್ಟೇ.

ಬಣ್ಣದ ವಾಸನೆ ಎರಡು ದಿನಕ್ಕೆ ಹೋಗಲಿಲ್ಲ. ಎರಡು ವಾರಕ್ಕೂ ಹೋಗಲಿಲ್ಲ. ಗಂಡ ದಿನಾ ಬೆಳಿಗ್ಗೆ ಟವೆಲ್ಲು, ಸೋಪಿನ ಡಬ್ಬಿ ಹಿಡಿದು ಮೂರು ಮಹಡಿ ಇಳಿಯುತ್ತಿದ್ದ. ಮೆಟ್ಟಿಲಲ್ಲಿ ಸಿಕ್ಕವರೆಲ್ಲ "ಏನು, ಮನೇಲಿ ನೀರಿಲ್ವಾ?" ಎಂದರೆ "ನೀರಿದೆ, ಜಾಗ ಇಲ್ಲ" ಎನ್ನುತ್ತಿದ್ದ.

ಹುಳುಗಳು ಮಾತ್ರ ಹೆಚ್ಚುವ ಲಕ್ಷಣವೇ ಇರಲಿಲ್ಲ. ಕಳೆಯಕ್ಕ ವಾರಕ್ಕೊಮ್ಮೆ ಒದ್ದೆ ಜರಿಯನ್ನು ಒಂದೊಂದಾಗಿ ಬಿಳಿ ತಟ್ಟೆಯ ಮೇಲೆ ಕೊಡವಿ ಎಣಿಸುತ್ತಿದ್ದಳು. ಇನ್ನೂರು ಇದ್ದದ್ದು ನೂರ ಎಂಬತ್ತಾಯಿತು, ಆಮೇಲೆ ನೂರ ಅರವತ್ತಮೂರಾಯಿತು. ತೊಟ್ಟಿಯ ಜರಿಯೂ ಹಳದಿಗೆ ತಿರುಗಿತ್ತು. ಆಮೇಲೆ ಅವಳು ಎಣಿಸುವುದನ್ನೇ ಬಿಟ್ಟಳು. "ಇದೂ ಹಳ್ಳ ಹಿಡೀತು" ಎಂದು ಬಚ್ಚಲ ಹೊಸ್ತಿಲ ಮೇಲೆ ಕೂತು ನಿಟ್ಟುಸಿರಿಟ್ಟಳು.

ಆ ಹೊತ್ತಿಗೆ ಗಂಡ ಮಾಡಿದ ಒಂದು ಅವಾಂತರ ಎಲ್ಲವನ್ನೂ ತಿರುಗಿಸಿತು. ಅವನಿಗೊಂದು ಮೀನಿನ ಗಾಜುಪೆಟ್ಟಿಗೆ ಇತ್ತು, ತಿಂಗಳಿಗೊಮ್ಮೆ ನೀರು ಬದಲಿಸಬೇಕು. ಹಳೆಯ ನೀರನ್ನು ಬಚ್ಚಲಿಗೆ ಚೆಲ್ಲುವುದು ಅಭ್ಯಾಸ. ಅಂದೂ ಏನೋ ಯೋಚಿಸುತ್ತ ಬಂದು, ತೊಟ್ಟಿಯಿಂದ ಬೇರೆ ತೆಗೆದು ಮೂವತ್ತು ಹುಳುಗಳನ್ನು ಮೂಲೆಯಲ್ಲಿಟ್ಟಿದ್ದ ನೀಲಿ ಬೇಸಿನ್ನಿಗೆ ಬಕೆಟ್ಟನ್ನು ಬೋರಲು ಹಾಕಿಬಿಟ್ಟ. ಹೆಂಡತಿ ನೋಡಿಯಾಳೆಂದು ಬೆದರಿ ಬೇಸಿನ್ನನ್ನು ಬಟ್ಟೆಯ ಬುಟ್ಟಿಯ ಹಿಂದೆ ತಳ್ಳಿ, ಏನೂ ಆಗದವನಂತೆ ಪೇಪರು ಓದುತ್ತ ಕೂತ.

ಹನ್ನೆರಡು ದಿನದ ಮೇಲೆ ಬೇಸಿನ್ನು ಕಣ್ಣಿಗೆ ಬಿದ್ದದ್ದು ಅತ್ತೆಗೆ. ಸೂಜಿಗೆ ಇವತ್ತಿಗೂ ಕನ್ನಡಕವಿಲ್ಲದೆ ದಾರ ಪೋಣಿಸುವ ಕಣ್ಣು ಅದು.

"ಏ ಇವಳೇ, ಬಾ ಇಲ್ಲಿ! ಈ ಸೊಪ್ಪು ನೋಡು, ಕಡುಹಸಿರು. ತೊಟ್ಟೀದು ನೋಡು, ಕಾಮಾಲೆ ಬಂದವರ ಹಾಗಿದೆ. ಮತ್ತೆ ಇದೇನು, ಚಿಗುರು ಚಿಗುರಿಗೂ ತೂತು?"

ಕಳೆಯಕ್ಕ ಅಲ್ಲೇ ನೆಲದ ಮೇಲೆ ಕೂತು ಎಣಿಸಿದಳು. ಮೂವತ್ತು ಇದ್ದದ್ದು ನಲವತ್ತೊಂದಾಗಿತ್ತು. ಕಾಂಡ ಸೀಳಿದರೆ ಒಳಗೆ ಬಿಳಿ ಮರಿಹುಳುಗಳು. ಗಂಡನನ್ನು ಕರೆದು ವಿಚಾರಣೆ ಮಾಡಿದಾಗ ಅವನು ಮೊದಲು ಕಣ್ಣು ತಪ್ಪಿಸಿದ, ಆಮೇಲೆ ತೊದಲಿದ, ಕೊನೆಗೆ ಬಕೆಟ್ಟಿನ ವಿಷಯ ಒಪ್ಪಿಕೊಂಡ. ಬೈಗುಳ ಬೀಳುತ್ತದೆಂದು ಹೆಗಲು ಕುಗ್ಗಿಸಿ ನಿಂತವನನ್ನು ಹೆಂಡತಿ ಎರಡೂ ಕೈಯಲ್ಲಿ ತಬ್ಬಿಕೊಂಡು ಬಚ್ಚಲಲ್ಲೇ ಒಂದು ಸುತ್ತು ಕುಣಿಸಿದಳು.

"ಮೀನಿನ ಕೊಳೆ ನೀರು! ಸಾರ ಇರೋ ನೀರಲ್ಲಿ ಎಲೆ ಕೊಬ್ಬುತ್ತೆ. ಕೊಬ್ಬಿದ ಎಲೆ ತಿಂದ್ರೇನೇ ಇವು ಮರಿ ಹಾಕೋದು!"

"ಒಂದು ಸಲ ಆದದ್ದನ್ನ ನಂಬಬಾರ್ದು" ಎಂದರು ಅತ್ತೆ. "ಒಂದು ರವಿಕೆ ಸರಿಯಾಯ್ತು ಅಂತ ಅದೇ ಅಳತೆಗೆ ಹತ್ತು ಕತ್ತರಿಸ್ತಾರಾ?"

ಅಂದಿನಿಂದ ಬಚ್ಚಲು ಅತ್ತೆಯ ಕೈಗೆ ಹೋಯಿತು. ಮೂರು ಬೇಸಿನ್ನು, ಮೂರು ಬಗೆಯ ನೀರು: ನಲ್ಲಿಯದು, ಮೀನಿನದು, ಅರ್ಧರ್ಧ ಬೆರೆಸಿದ್ದು. ಪ್ರತಿಯೊಂದಕ್ಕೂ ಇಪ್ಪತ್ತು ಹುಳು. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ, ಹಿಂದೆ ಗಿರಾಕಿಗಳ ಸೊಂಟ ಭುಜ ಬರೆಯುತ್ತಿದ್ದ ಅದೇ ಸಣ್ಣ ಅಕ್ಷರದಲ್ಲಿ, ದಿನಾ ಲೆಕ್ಕ. ಮೂರು ವಾರಕ್ಕೆ ನಲ್ಲಿ ನೀರಿನಲ್ಲಿ ಹದಿನಾಲ್ಕು, ಬೆರಕೆಯಲ್ಲಿ ಮೂವತ್ತು, ಮೀನಿನ ನೀರಿನಲ್ಲಿ ಐವತ್ತೆರಡು. ಗಂಡ ಮೀನು ಅಂಗಡಿಗಳನ್ನೆಲ್ಲ ಸುತ್ತಿ ಕೊಳೆ ನೀರು ಹೊತ್ತು ತರತೊಡಗಿದ. ಅಂಗಡಿಯವರು ಇವನ ತಲೆ ಸರಿಯಿದೆಯೋ ಇಲ್ಲವೋ ಎಂದು ಪಿಳಿಪಿಳಿ ನೋಡುತ್ತಿದ್ದರು. ಬೇಸಿನ್ನುಗಳು ತೊಟ್ಟಿಗೆ ಸೇರಿದವು, ತೊಟ್ಟಿ ತುಂಬಿತು. ಐದು ತಿಂಗಳಿಗೆ ಒಂದು ಸಾವಿರದ ಇನ್ನೂರು ಹುಳು. ಸಾಕಣೆ ಕೋಣೆಯ ವಾಸನೆ ಯಾವತ್ತೋ ಹೋಗಿತ್ತು. ಆ ಮಾತನ್ನು ಯಾರೂ ಎತ್ತಲಿಲ್ಲ.

ಯೋಜನೆಯ ಕಡತದಲ್ಲಿ ಹುಳು ಬಿಡುವ ಜಾಗ ಮೊದಲೇ ಗೊತ್ತುಮಾಡಿಯಾಗಿತ್ತು: ಉತ್ತರದ ದಡ. ಅಲ್ಲಿ ಜರಿ ತೆಳು, ನೀರು ತಿಳಿ. ಶತ್ರು ಬಲಹೀನನಾಗಿರುವ ಕಡೆಯಿಂದಲೇ ಶುರು ಮಾಡೋಣ ಎಂಬುದು ಊಹೆ. ಆರುನೂರು ಹುಳುಗಳನ್ನು ಅಲ್ಲಿ ಬಿಟ್ಟರು. ಕಳೆಯಕ್ಕ ಹದಿನೈದು ದಿನಕ್ಕೊಮ್ಮೆ ಹೋಗಿ ಬುಟ್ಟಿ ಮುಳುಗಿಸಿ ಜರಿ ಎತ್ತಿ ಎಣಿಸಿದಳು. ಮೊದಲು ಹನ್ನೊಂದು ಸಿಕ್ಕವು. ಆಮೇಲೆ ಎರಡು. ಆಮೇಲೆ ಏನೂ ಇಲ್ಲ.

ಮೂರು ತಿಂಗಳ ಸಭೆಯಲ್ಲಿ ನಿರ್ದೇಶಕರು ಹಲಗೆಯ ಮುಂದೆ ನಿಂತು ಒಂದೊಂದೇ ಪ್ರಶ್ನೆ ಓದಿದರು.

"ಏನಾಗುತ್ತೆ ಅಂದುಕೊಂಡಿದ್ವಿ?"

"ಆರುನೂರು ಆರು ಸಾವಿರ ಆಗುತ್ತೆ ಅಂತ."

"ಏನಾಯ್ತು?"

"ಸೊನ್ನೆ" ಎಂದಳು ಕಳೆಯಕ್ಕ. ಹೇಳಿದ ಮೇಲೆ ಆ ಪದ ಎಷ್ಟು ದುಂಡಗಿದೆ ಅನಿಸಿ ತುಟಿ ನಡುಗಿತು. "ಸಾರ್, ಪೂರ್ತಿ ಸೊನ್ನೆ" ಎಂದು ಮತ್ತೆ ಹೇಳಹೋಗಿ ಕಿಸಕ್ಕನೆ ನಕ್ಕಳು. ಏಳು ವರ್ಷದ ಬೆನ್ನುನೋವು, ಕೊಚ್ಚಿ ಹೋದ ಬೇಲಿ, ಗಂಡನ ಟವೆಲ್ಲು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಗು ತಡೆಯಲಾಗಲಿಲ್ಲ. ಎದುರಿಗೆ ಕೂತಿದ್ದ ದೋಣಿಯವನನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವನು ಗಂಭೀರವಾಗಿ "ಸೊನ್ನೆಗಿಂತ ಕಮ್ಮಿ ಆಗಕ್ಕೆ ಆಗಲ್ಲ" ಎಂದು ಸಮಾಧಾನ ಹೇಳಿದ. ಅಷ್ಟೇ ಸಾಕಾಯಿತು. ನಿರ್ದೇಶಕರು ಬೆನ್ನು ತಿರುಗಿಸಿ ಹಲಗೆಗೆ ಹಣೆ ಹಚ್ಚಿ ನಗುತ್ತಿದ್ದರು, ಅವರ ಉದ್ದನೆಯ ಹೆಗಲು ಕುಲುಕುತ್ತಿತ್ತು. ಸಭೆ ಅಲ್ಲಿಗೇ ಮುಗಿಯಿತು. ಮೂರನೆಯ ಪ್ರಶ್ನೆ ಓದದೆಯೇ ಉಳಿಯಿತು.

ಉತ್ತರ ಸಿಕ್ಕಿದ್ದು ಆ ಸಂಜೆ, ಅಡುಗೆಮನೆಯಲ್ಲಿ. ಚಹಾ ಕುಡಿಯುತ್ತ ಕತೆ ಕೇಳಿದ ಅತ್ತೆ ಲೋಟ ಕೆಳಗಿಟ್ಟರು.

"ತಿಳಿ ನೀರು ಅಂದ್ಯಲ್ಲ, ನಮ್ಮ ನಲ್ಲಿ ನೀರಿನ ಥರ?"

"ಹೂಂ."

"ಸೊಪ್ಪು ತೆಳು, ಹಳದಿ?"

"ಹೂಂ ಅತ್ತೆ."

"ಮತ್ತೆ ಮನೇಲಿ ಮಕ್ಕಳ ಥರ ಸಾಕಿ, ಅಲ್ಲಿ ಹಸಿವಿಗೆ ತಳ್ಳಿ ಬಂದ್ಯಲ್ಲೇ! ಆ ಸರೋವರದಲ್ಲಿ ಮೀನಿನ ನೀರಿನಂಥ ನೀರು ಎಲ್ಲೂ ಇಲ್ವಾ?"

ಕಳೆಯಕ್ಕನ ಕೈಯಲ್ಲಿದ್ದ ಲೋಟ ಅರ್ಧದಲ್ಲೇ ನಿಂತಿತು. ಇತ್ತು! ದಕ್ಷಿಣದ ಕೊಲ್ಲಿಯಲ್ಲಿ ನೀರಿನ ಮೇಲೆ ಬಾಗಿದ ದೊಡ್ಡ ಮರಗಳಿದ್ದವು. ಸಾವಿರಾರು ಕೊಕ್ಕರೆ, ನೀರುಕಾಗೆ ಅಲ್ಲಿ ತಂಗುತ್ತಿದ್ದವು. ಬೆಳಗಿನಿಂದ ಸಂಜೆಯವರೆಗೆ ಹಿಕ್ಕೆಯ ಮಳೆ. ಅಲ್ಲಿನ ಜರಿ ಇಡೀ ಸರೋವರದಲ್ಲೇ ಅತಿ ದಪ್ಪ, ಅತಿ ಹಸಿರು. ಅದನ್ನು ಕೀಳಲು ಹೋಗಿ ತಂಡ ಮೂರು ಸಲ ಸೋತು, ಕಡತದಲ್ಲಿ 'ಕೈಬಿಟ್ಟ ಪ್ರದೇಶ' ಎಂದು ಬರೆದು ತಿರುಗಿ ನೋಡಿರಲಿಲ್ಲ.

"ಅತ್ತೇ!" ಎಂದು ಅವಳು ಕಿರುಚಿದ ಸದ್ದಿಗೆ ಗಂಡನ ಕೈಯಲ್ಲಿದ್ದ ಗಡಿಯಾರದ ಸಣ್ಣ ಚಕ್ರವೊಂದು ಹಾರಿ ಎಲ್ಲೋ ಬಿತ್ತು. ಮೂವರೂ ಮೊಣಕಾಲೂರಿ ಹುಡುಕಿದರು. ಸಿಗಲಿಲ್ಲ.

ಮರುದಿನ ನಿರ್ದೇಶಕರು ಪೂರ್ತಿ ಕೇಳಿ, ಕಡತ ಬಿಚ್ಚಿ, ಉತ್ತರದ ದಡಕ್ಕೆ ಅಡ್ಡಗೆರೆ ಎಳೆದರು. "ಬಲಹೀನ ಕಡೆ ಅಲ್ಲ, ಬಲವಾದ ಕಡೆ ಹೊಡೀಬೇಕಿತ್ತು. ನಾನೇ ತಪ್ಪು ಅಂದಾಜು ಮಾಡಿದ್ದೆ" ಎಂದರು. ಅವರ ದನಿಯಲ್ಲಿ ಎಳ್ಳಷ್ಟೂ ಬೇಸರವಿರಲಿಲ್ಲ, ಬಹುಮಾನ ಬಂದವರ ಹಾಗೆ ಕಣ್ಣು ಮಿನುಗುತ್ತಿತ್ತು. "ನಿಮ್ಮ ಅತ್ತೆಯವರನ್ನೂ ಕರ್ಕೊಂಡು ಬನ್ನಿ. ಊಹೆ ಅವರದ್ದಲ್ವಾ?"

ಹೀಗೆ ಒಂದು ಮಂಗಳವಾರ ಬೆಳಿಗ್ಗೆ ಮೌನಿಯ ದೋಣಿಯಲ್ಲಿ ಕಳೆಯಕ್ಕ, ಅತ್ತೆ, ನಿರ್ದೇಶಕರು ಮತ್ತು ಆರುನೂರು ಮೂತಿಹುಳು ಹೊರಟರು. ಮರಗಳ ಕೆಳಗೆ ಹೋಗುತ್ತಿದ್ದಂತೆ ಮೂರು ಕೊಡೆ ಬಿಚ್ಚಿಕೊಂಡವು. ಪಟಪಟ, ಪಚಪಚ. ಮೌನಿಗೆ ಹುಟ್ಟು ಹಾಕುವ ಕೈಗೆ ಬಿಡುವಿಲ್ಲದ್ದರಿಂದ ಕೊಡೆ ಇರಲಿಲ್ಲ. ಅವನು ತಲೆಯ ಮೇಲೆ ಬಿದ್ದದ್ದನ್ನು ಒರೆಸಿಕೊಳ್ಳದೆ, "ಊಹೆ ಸರಿ ಇದೆ, ಸಾರ ಜಾಸ್ತಿ ಇದೆ" ಎಂದ. ಅತ್ತೆ ನಕ್ಕ ನಗೆಗೆ ಕೊಡೆ ವಾಲಿತು, ನಿರ್ದೇಶಕರ ಮೂಗಿನ ಮೇಲೆ ನೇರವಾಗಿ ಒಂದು ಬಿತ್ತು. ಎಲ್ಲರೂ ಅವರ ಮುಖ ನೋಡಿದರು. "ಮಾದರಿ ಸಂಗ್ರಹವಾಯ್ತು" ಎಂದು ಅವರು ಕರವಸ್ತ್ರ ತೆಗೆದರು. ಹುಳು ಬಿಡುವಾಗ ನಾಲ್ವರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರಿಂದ ಜರಿಯ ತಟ್ಟೆ ನಾಲ್ಕು ಸಲ ಕೈಜಾರುವುದರಲ್ಲಿತ್ತು.

ನಾಲ್ಕನೇ ವಾರ ಬುಟ್ಟಿಯಲ್ಲಿ ಇಪ್ಪತ್ತು ಹುಳು ಸಿಕ್ಕವು. ಎಂಟನೇ ವಾರ ತೊಂಬತ್ತು. ಚಿಗುರುಗಳೆಲ್ಲ ಜರಡಿ. ಹನ್ನೆರಡನೇ ವಾರ ಕಡುಹಸಿರು ಹಾಸಿನ ನಡುವೆ ಚಹಾ ಬಣ್ಣದ ಕಲೆಯೊಂದು ಕಂಡಿತು. ಕಳೆಯಕ್ಕನ ಕಾಲು ನೆಲದ ಮೇಲೆ ನಿಲ್ಲದಾಯಿತು. ತಂಡದವಳೊಬ್ಬಳು ಉತ್ಸಾಹದಲ್ಲಿ, "ಇಷ್ಟು ಒಣಗಿದೆಯಲ್ಲಕ್ಕ, ಉಳಿದದ್ದನ್ನ ಕಿತ್ತೇ ಬಿಡೋಣ" ಎಂದು ಕೈ ಹಾಕಿದಾಗ ಅವಳು ದೋಣಿ ಮಗುಚುವಂತೆ ಎದ್ದು ನಿಂತು ಕೂಗಿದಳು: "ಮುಟ್ಟಿದ್ರೆ ನೋಡು! ಅದು ಅವುಗಳ ಊಟ!" ಕೂಗಿದ ಮೇಲೆ, ತಾನು ಹಾಸುಜರಿಯನ್ನು ಕಾಯಲು ನಿಂತಿದ್ದೇನೆ ಎಂಬುದು ಹೊಳೆದು ಅಲ್ಲೇ ಕುಸಿದು ಕೂತು ನಗತೊಡಗಿದಳು. ಆ ವಾರದ ಕಡತದಲ್ಲಿ ಹೊಸ ಸಾಲು ಸೇರಿತು: ದಕ್ಷಿಣದ ಕೊಲ್ಲಿಯಲ್ಲಿ ಯಾರೂ ಕೀಳಬಾರದು, ಹುಳುಗಳಿಗಾಗಿ ಅಂಚಿನ ಜರಿ ಉಳಿಸಿಕೊಳ್ಳಬೇಕು.

ಹದಿನಾರನೇ ವಾರದ ಎಣಿಕೆಗೆ ಮತ್ತೆ ಅದೇ ನಾಲ್ವರು ಹೋದರು. ಈ ಸಲ ನಗುವ ಧೈರ್ಯ ಯಾರಿಗೂ ಇರಲಿಲ್ಲ. ದೋಣಿ ಕಂದು ಹಾಸನ್ನು ಸೀಳಿಕೊಂಡು ಹೋಗುತ್ತಿತ್ತು. ಇದ್ದಕ್ಕಿದ್ದಂತೆ ಹುಟ್ಟಿನ ಸದ್ದು ಬದಲಾಯಿತು. ಸರಸರ ಅನ್ನುತ್ತಿದ್ದದ್ದು ಚಳಕ್ ಎಂದಿತು.

ನೀರು. ಜರಿ ಕೊಳೆತು ತಳಕ್ಕೆ ಇಳಿದು ಹೋಗಿತ್ತು. ಅತ್ತೆ ಕಣ್ಣಲ್ಲೇ ಅಳೆದು, "ಉದ್ದ ನಲವತ್ತು ಮೊಳ, ಅಗಲ ಮೂವತ್ತು" ಎಂದರು. ನೀರಿನಲ್ಲಿ ಆಕಾಶವಿತ್ತು, ಮರದ ಮೇಲಿನ ಕೊಕ್ಕರೆಗಳ ತಲೆಕೆಳಗಾದ ಬಿಳಿ ಬಿಂಬಗಳಿದ್ದವು. ನಿರ್ದೇಶಕರು ದೋಣಿಯ ಅಂಚಿನಿಂದ ಬಗ್ಗಿ ಒಂದು ಬೆರಳನ್ನು ನೀರಿಗೆ ಮುಟ್ಟಿಸಿ, ಬೆರಳನ್ನೇ ನೋಡುತ್ತ ಕೂತರು. ಕಳೆಯಕ್ಕನಿಗೆ ಏನಾದರೂ ಹೇಳಬೇಕೆನಿಸಿತು. ಬಾಯಿಂದ ಬಂದದ್ದು "ಅಯ್ಯಯ್ಯೋ" ಮಾತ್ರ.

ಆಗ ಮೌನಿ, ಯಾರನ್ನೂ ಕೇಳದೆ, ಒಂದೇ ಕಡೆಯ ಹುಟ್ಟನ್ನು ಎಳೆಯತೊಡಗಿದ. ದೋಣಿ ಆ ಬಯಲು ನೀರಿನಲ್ಲಿ ಸುತ್ತತೊಡಗಿತು. ಒಂದು ಸುತ್ತು, ಎರಡು ಸುತ್ತು, ಐದು ಸುತ್ತು. "ನಿಲ್ಸೋ!" ಎಂದರು ಅತ್ತೆ. "ಇನ್ನೊಂದು!" ಎಂದೂ ಅವರೇ ಹೇಳಿದರು. ಮರಗಳು, ಕೊಡೆಗಳು, ಕಂದು ಅಂಚು, ನೀಲಿ ನೀರು ಎಲ್ಲ ಒಂದರೊಳಗೊಂದು ಕಲಸಿಕೊಂಡು ಹಾರಿದವು. ನಿರ್ದೇಶಕರು ಎರಡೂ ಕೈಯಲ್ಲಿ ಕಡತವನ್ನು ಎದೆಗೆ ಒತ್ತಿಕೊಂಡು ಹೋ ಎಂದು ಕೂಗುತ್ತಿದ್ದರು. ಕಳೆಯಕ್ಕ ಅತ್ತೆಯ ತೋಳು ಹಿಡಿದುಕೊಂಡು, ನಗುತ್ತಿದ್ದೇನೋ ಅಳುತ್ತಿದ್ದೇನೋ ತಿಳಿಯದೆ ಕಣ್ಣು ಮುಚ್ಚಿದಳು.

ದಡಕ್ಕೆ ಬಂದು ಇಳಿದಾಗಲೂ ನೆಲ ತಿರುಗುತ್ತಿತ್ತು. ಅತ್ತೆ ನಿರ್ದೇಶಕರನ್ನು ಹಿಡಿದುಕೊಂಡರು, ನಿರ್ದೇಶಕರು ಕಟ್ಟೆಯ ಕಂಬವನ್ನು ಹಿಡಿದುಕೊಂಡರು. ಕಳೆಯಕ್ಕ ಕಟ್ಟೆಯ ಮೇಲೆ ಕೂತು ಎಣಿಕೆಯ ಪುಸ್ತಕ ತೆರೆದಳು. ಪೆನ್ನು ನೆಟ್ಟಗೆ ನಿಲ್ಲುತ್ತಿರಲಿಲ್ಲ. 'ಬಯಲು ನೀರು, ನಲವತ್ತು ಮೊಳಕ್ಕೆ ಮೂವತ್ತು' ಎಂದು ಬರೆಯಹೋದರೆ ಅಕ್ಷರಗಳು ಓರೆಯಾಗಿ ಗೆರೆ ಬಿಟ್ಟು ಇಳಿದವು.

"ಏನಮ್ಮಾ ಇದು ಬರವಣಿಗೆ" ಎಂದರು ಅತ್ತೆ, ಪುಸ್ತಕದ ಮೇಲೆ ಬಗ್ಗಿ.

"ಇರ್ಲಿ ಬಿಡಿ ಅತ್ತೆ" ಎಂದಳು ಕಳೆಯಕ್ಕ. "ಮುಂದಿನ ವಾರ ಇನ್ನೂ ದೊಡ್ಡ ಅಂಕಿ ಬರುತ್ತೆ. ಅದನ್ನ ನೆಟ್ಟಗೆ ಬರೀತೀನಿ."